ಕಾವಳ ಕಾವಲು ಬಿಟ್ಟದ್ದೇಕೆ

ಟೊರಾಂಟೊ, ಕೆನಡಾ
ಸೆಪ್ಟೆಂಬರ್ 2, 1969

'ಕೋಟೆವೀರ' ಚಿತ್ರಕಥಾ ಪತ್ರಿಕೆಯ ಸಂಪಾದಕರಿಗೆ,

ನಿಮ್ಮ ಅರವತ್ತಮೂರನೇ ಸಂಚಿಕೆಯಲ್ಲಿ ಒಂದು ತಪ್ಪಿದೆ. ಏಳನೇ ಪುಟದಲ್ಲಿ ಮುತ್ತಿಗೆಯ ರಾತ್ರಿಯನ್ನು ಮತ್ತೆ ತೋರಿಸಿದ್ದೀರಿ. ಅಲ್ಲಿ ಉತ್ತರದ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿದೆ. ಹನ್ನೆರಡನೇ ಸಂಚಿಕೆಯಲ್ಲಿ ಅದೇ ರಾತ್ರಿ ಅದೇ ಬಾಗಿಲು ತೆರೆದಿತ್ತು. ಕಾವಳ ಎಂಬ ಕಾವಲುಗಾರ ತನ್ನ ಗೋಪುರ ಬಿಟ್ಟು ಆ ಬಾಗಿಲಿನಿಂದ ಓಡಿಹೋದ, ತೆರೆದ ಬಾಗಿಲಿನಿಂದ ಕಡಲರಕ್ಕಸರು ನುಗ್ಗಿದರು, ಹಾಗಾಗಿ ಅವನು ಖಳ ಎಂದು ಎಂಟು ವರ್ಷದಿಂದ ನಮಗೆ ಹೇಳುತ್ತ ಬಂದಿದ್ದೀರಿ. ಅಗಳಿ ಒಳಗಿನಿಂದ ಬಿದ್ದಿದ್ದರೆ ಅವನು ಹೊರಗೆ ಹೋದದ್ದು ಹೇಗೆ?

ತಪ್ಪು ಹಿಡಿದವನೇ ಅದನ್ನು ದುರಸ್ತಿಯೂ ಮಾಡಬೇಕು, ಬರೀ ತಪ್ಪು ತೋರಿಸುವ ಪತ್ರ ಕಸದ ಬುಟ್ಟಿಗೆ, ಎಂಬುದು ನಿಮ್ಮ ಪತ್ರಪುಟದ ನಿಯಮ. ನನ್ನ ದುರಸ್ತಿ ಹೀಗಿದೆ. ಕಾವಳ ಓಡಲಿಲ್ಲ. ಅವನು ಸೇನಾಧಿಪತಿಯ ಎದುರಿಗೆ ಹೋಗಿ ಈಟಿಯನ್ನು ನೆಲಕ್ಕಿಟ್ಟು, ಎಲ್ಲರೂ ನೋಡುವಂತೆ ದೊಡ್ಡ ಬಾಗಿಲಿನಿಂದಲೇ ನಡೆದುಹೋದ. ಉತ್ತರದ ಬಾಗಿಲನ್ನು ಆಮೇಲೆ ತೆಗೆಸಿದವನು ಸೇನಾಧಿಪತಿ. ತಪ್ಪನ್ನು ಹೋದವನ ತಲೆಗೆ ಕಟ್ಟುವುದಕ್ಕಾಗಿ. ಸಾಕ್ಷಿ ಬೇಕಾದರೆ ಹನ್ನೆರಡನೇ ಸಂಚಿಕೆಯ ಹತ್ತೊಂಬತ್ತನೇ ಪುಟ ತೆಗೆಯಿರಿ. ಕಾವಳ ಹೇಳುತ್ತಾನೆ: "ನನಗೆ ಭಯವಿಲ್ಲ. ನಿಮ್ಮ ಗೋಡೆಯನ್ನು ನಾನು ಒಪ್ಪುವುದಿಲ್ಲ."

ಗೋಡೆ ಕಟ್ಟಿಸುವವರು ಒಂದು ಕಡೆ, ಗೋಡೆಗಾಗಿ ಸಾಯುವವರು ಇನ್ನೊಂದು ಕಡೆ. ಸಾಯಲಾರೆ ಎಂದವನನ್ನು ಖಳನೆಂದು ಕರೆಯದಿದ್ದರೆ ಈ ವ್ಯವಹಾರ ಒಂದು ದಿನವೂ ನಡೆಯದು. ನಿಮ್ಮ ಪತ್ರಿಕೆ ಯಾರ ಕಡೆಯದು ಎಂದು ತಿಳಿಸಿ.

ಎಲ್ಡನ್ ಹೌಕ್

(ಅರವತ್ತನಾಲ್ಕನೇ ಸಂಚಿಕೆಯ ಪತ್ರಪುಟದಲ್ಲಿ ಕೊನೆಯ ಪ್ಯಾರಾ ಬಿಟ್ಟು, ಪೂರ್ತಿ ವಿಳಾಸದೊಂದಿಗೆ ಅಚ್ಚಾಯಿತು.)


ಕ್ಲೇ ಬೆಂಡ್, ಓಹಿಯೊ
ನವೆಂಬರ್ 9, 1969

ಮಾನ್ಯ ಎಲ್ಡನ್ ಹೌಕ್ ಅವರಿಗೆ,

'ಕೋಟೆವೀರ'ದ ಪತ್ರಪುಟದಲ್ಲಿ ನಿಮ್ಮ ಪತ್ರ ಓದಿದೆ. ಓದುಗರು ಒಬ್ಬರಿಗೊಬ್ಬರು ಬರೆದುಕೊಳ್ಳಲಿ ಎಂದೇ ಅಲ್ಲಿ ವಿಳಾಸ ಹಾಕುತ್ತಾರೆಂದು ಕೇಳಿದ್ದೇನೆ. ಆ ಧೈರ್ಯದಿಂದ ಬರೆಯುತ್ತಿದ್ದೇನೆ. ನಿಮ್ಮದೂ ನನ್ನದೂ ಒಂದೇ ಮನೆತನದ ಹೆಸರು ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ನಾನು ಕಬ್ಬಿಣದ ಸಾಮಾನಿನ ಅಂಗಡಿಯವನು. ಅಗಳಿ, ಚಿಲಕ, ತಿರುಗಣಿ ಮಾರಿಕೊಂಡು ಇಪ್ಪತ್ಮೂರು ವರ್ಷವಾಯಿತು. ಏಳನೇ ಪುಟದ ಅಗಳಿ ಒಳಗಿನಿಂದ ಬಿದ್ದಿದೆ ಎಂದು ನೀವು ಹೇಳಿದ್ದು ಸರಿ. ಅದು ಅಡ್ಡ ಅಗಳಿ; ಅದನ್ನು ಎತ್ತಿ ಹಾಕಲು ಇಬ್ಬರು ಬೇಕು. ಇದನ್ನು ನೀವು ಗಮನಿಸಲಿಲ್ಲ.

ನಿಮ್ಮ ದುರಸ್ತಿ ಮಾತ್ರ ನಿಲ್ಲುವುದಿಲ್ಲ. ದೊಡ್ಡ ಬಾಗಿಲಿನಿಂದ ಹೋದ ಎನ್ನುತ್ತೀರಿ. ದೊಡ್ಡ ಬಾಗಿಲು ಹನ್ನೆರಡನೇ ಸಂಚಿಕೆಯ ಹತ್ತನೇ ಪುಟದಲ್ಲೇ ಸುಟ್ಟುಹೋಗಿ, ಕಲ್ಲು ಬಿದ್ದು ಮುಚ್ಚಿಹೋಗಿತ್ತು. ಸೇನಾಧಿಪತಿ ಆ ಹೊತ್ತಿನಲ್ಲಿ ದಕ್ಷಿಣದ ಗೋಪುರದಲ್ಲಿ ಗಾಯಗೊಂಡು ಮಲಗಿದ್ದ. ಅವನ ಎದುರಿಗೆ ಈಟಿ ಇಡಲು ಅವನೇ ಅಲ್ಲಿರಲಿಲ್ಲ. ನಿಮ್ಮ ಬಳಿ ಹಳೆಯ ಸಂಚಿಕೆಗಳು ಇದ್ದಂತಿಲ್ಲ. ನನ್ನ ಬಳಿ ಎಲ್ಲವೂ ಇವೆ. ಅಟ್ಟದಲ್ಲಿ ತೇವ ಎಂದು ಈ ಬೇಸಿಗೆಯಲ್ಲಿ ಕೆಳಗೆ ತಂದಿಟ್ಟೆ.

ಉತ್ತರ ಬರೆಯಲೇಬೇಕೆಂದಿಲ್ಲ.

ಒಬ್ಬ ಓದುಗ,
ವಿಲ್ಬರ್ ಹೌಕ್


ಟೊರಾಂಟೊ
ನವೆಂಬರ್ 16, 1969

ಅಪ್ಪ,

ನಾನು ಮನೆ ಬಿಟ್ಟು ಮೂರು ತಿಂಗಳಾಯಿತು. ನಿಮ್ಮ ಹೆಸರಿಗೆ ಆರು ಪತ್ರ ಬರೆದೆ. ಅಮ್ಮ ಉತ್ತರಿಸುತ್ತಾಳೆ, ನಿಮ್ಮ ವಿಷಯ ಬಂದಾಗ "ಅಪ್ಪ ಚೆನ್ನಾಗಿದ್ದಾರೆ" ಎಂದು ಒಂದೇ ಸಾಲು ಬರೆದು ಮುಗಿಸುತ್ತಾಳೆ. ಈಗ ನೀವೇ ಬರೆದಿದ್ದೀರಿ, ಒಂದು ಅಗಳಿಯ ಬಗ್ಗೆ.

ನಿಮ್ಮ ಆಟ ನನಗೆ ಅರ್ಥವಾಗುತ್ತದೆ. ನೀವು ಕ್ಲೇ ಬೆಂಡ್‌ನ ಸೈನ್ಯಭರ್ತಿ ಮಂಡಳಿಯ ಸದಸ್ಯರು. ಊರಿನ ಯಾವ ಹುಡುಗ ವಿಯೆಟ್ನಾಂಗೆ ಹೋಗಬೇಕೆಂದು ತೀರ್ಮಾನಿಸುವ ಐವರಲ್ಲಿ ಒಬ್ಬರು. ಕರೆ ಬಂದ ಮೇಲೂ ಗಡಿ ದಾಟಿ ಹೋದ ಹುಡುಗನಿಗೆ ನೀವು ಪತ್ರ ಬರೆಯುವಂತಿಲ್ಲ, ಅವನು ನಿಮ್ಮ ಮಗನಾದರೂ. ಖಳನ ಅಭಿಮಾನಿಗೆ ಬರೆಯಬಹುದು. ಇದು ಪ್ರಾಮಾಣಿಕತೆಯೇ ಅಥವಾ ಪ್ರಾಮಾಣಿಕತೆಗೆ ಹಾಕಿದ ಬಣ್ಣವೇ, ನೀವೇ ಹೇಳಿ.

ಏಪ್ರಿಲ್‌ನಲ್ಲಿ ಹೈಸ್ಕೂಲಿನ ನೆಲಮಾಳಿಗೆಯಲ್ಲಿ ನನ್ನ ವಿಚಾರಣೆ ನಡೆಯಿತಲ್ಲ. ಆತ್ಮಸಾಕ್ಷಿ ಒಪ್ಪದೆ ಯುದ್ಧಕ್ಕೆ ಹೋಗಲಾರೆ, ಬದಲಿಗೆ ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿಯುತ್ತೇನೆ ಎಂದು ನಾನು ಅರ್ಜಿ ಹಾಕಿದ್ದೆ. ನನ್ನ ಹೆಸರು ಕೂಗಿದಾಗ ನೀವು ಎದ್ದು ಹೊರಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಉಳಿದ ನಾಲ್ವರ ಎದುರು ನಾನು ಹದಿನಾಲ್ಕು ನಿಮಿಷ ಮಾತಾಡಿದೆ. ಬಂಡವಾಳ, ಸಾಮ್ರಾಜ್ಯ, ರೈತರ ಭೂಮಿ, ಒಂದನ್ನೂ ಬಿಡಲಿಲ್ಲ. ಕರಪತ್ರಗಳಲ್ಲಿ ಓದಿದ್ದು ಪುಟಪುಟ ಬಾಯಿಗೆ ಬಂತು. ದಂತವೈದ್ಯ ಕ್ಲೆಟಸ್ ರ‍್ಯಾಪ್ ಕೊನೆಗೆ, "ಸರಿಯಪ್ಪ, ಇದೆಲ್ಲ ಆಯ್ತು. ನೀನೇನಂತೀಯ?" ಎಂದರು. ಇಷ್ಟು ಹೊತ್ತು ಹೇಳಿದ್ದೇನು ಎಂದು ನಾನು ರೇಗಿದೆ. ಅವರು ಅರ್ಜಿ ತಿರಸ್ಕರಿಸಿದರು. ನೀವು ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿರಿ. ಆ ಬಾಗಿಲು ತೆಳು.

ನಿಮ್ಮ ಆಟಕ್ಕೆ ಉತ್ತರ: ದೊಡ್ಡ ಬಾಗಿಲು ಸುಟ್ಟಿರಲಿ, ಕಾವಳ ಕಲ್ಲಿನ ರಾಶಿ ಹತ್ತಿ ದಾಟಿದ. ಅವನಂಥವನಿಗೆ ಅದು ಕಷ್ಟವಲ್ಲ. ಹತ್ತೊಂಬತ್ತನೇ ಪುಟದ ಮಾತಿಗೆ ನೀವು ಏನೂ ಹೇಳಲಿಲ್ಲ ಎಂಬುದನ್ನು ಗಮನಿಸಿದ್ದೇನೆ.

ನನಗೆ ಅಭಿಮಾನಿಗಳು ಬೇಡ. ಅಪ್ಪನಾಗಿ ಬರೆಯುವುದಾದರೆ ಬರೆಯಿರಿ.

ಎಲ್ಡನ್


ಕ್ಲೇ ಬೆಂಡ್
ನವೆಂಬರ್ 30, 1969

ಮಾನ್ಯ ಎಲ್ಡನ್ ಹೌಕ್ ಅವರಿಗೆ,

ಮಂಡಳಿಯ ಸದಸ್ಯ ಪತ್ರ ಬರೆಯಬಾರದೆಂಬ ನಿಯಮ ಪುಸ್ತಕದಲ್ಲಿಲ್ಲ. ಅದನ್ನು ಹಾಕಿಕೊಂಡವನು ನಾನು. ಎಂಟು ವರ್ಷದಲ್ಲಿ ಈ ಊರಿನ ಇನ್ನೂರ ಹನ್ನೊಂದು ಮನೆಗಳಿಗೆ ನಾವು ಕಾಗದ ಕಳಿಸಿದ್ದೇವೆ. ಒಂಬತ್ತು ಹುಡುಗರು ಮರಳಿ ಬರಲಿಲ್ಲ. ಅವರ ಅಪ್ಪಂದಿರು ನನ್ನ ಅಂಗಡಿಗೆ ಬರುತ್ತಾರೆ, ಬಣ್ಣ ಕೊಳ್ಳುತ್ತಾರೆ. ಅವರಿಗೆ ಇಲ್ಲದ್ದು ನನಗೆ ಇರಬಾರದು ಎಂದುಕೊಂಡಿದ್ದೆ.

ಹತ್ತೊಂಬತ್ತನೇ ಪುಟಕ್ಕೆ ಬರುತ್ತೇನೆ. ಬೇಕೆಂದೇ ಬಿಟ್ಟಿದ್ದೆ. ನೀವು ಬರೆದ ಮಾತು ಆ ಪುಟದಲ್ಲಿಲ್ಲ. ಪುಸ್ತಕ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಮೂರನೇ ಚೌಕದಲ್ಲಿ ಕಾವಳ ಒಬ್ಬನೇ ಮಂಜಿನಲ್ಲಿ ನಿಂತಿದ್ದಾನೆ. ಸುತ್ತ ಯಾರೂ ಇಲ್ಲ. ಅವನ ಮಾತಿನ ಗುಳ್ಳೆಯಲ್ಲಿ ಇರುವುದು ಇಷ್ಟು: "ನನಗೆ ಭಯವಾಯಿತು."

ಇದು ಅಚ್ಚಾದಾಗ ನಿಮಗೆ ಹನ್ನೆರಡು ವರ್ಷವಿದ್ದಿರಬೇಕು ಎಂದು ಊಹಿಸುತ್ತೇನೆ. ಆ ವಯಸ್ಸಿನವರು ಇಂಥ ಮಾತನ್ನು ಇಷ್ಟಪಡುವುದಿಲ್ಲ. ನಾನಾಗ ಇಷ್ಟಪಟ್ಟೆ. ಈ ಪತ್ರಿಕೆಯನ್ನು ನಾನು ಓದಲು ಶುರುಮಾಡಿದ್ದೇ ಆ ಚೌಕದಿಂದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಓದುಗ,
ವಿಲ್ಬರ್ ಹೌಕ್


ಟೊರಾಂಟೊ
ಡಿಸೆಂಬರ್ 14, 1969

ಅಪ್ಪ,

ನೀವು ಸುಳ್ಳು ಬರೆದಿದ್ದೀರಿ ಎಂದುಕೊಂಡೆ. ಹೆದರಿದವರೆಲ್ಲ ನಾವು, ಹೆದರದವರು ನೀವು ಎಂದು ಸಾಧಿಸಲು ಚಿತ್ರಕಥೆಯನ್ನೇ ತಿದ್ದಿದ್ದೀರಿ ಎಂದುಕೊಂಡೆ. ಒಂದು ವಾರ ಆ ಸಿಟ್ಟಿನಲ್ಲೇ ಕಳೆದೆ.

ಇಲ್ಲಿ ನಾನು ಒಂದು ಸಣ್ಣ ಅಚ್ಚಿನ ಮನೆಯಲ್ಲಿ ಕೆಲಸ ಮಾಡುತ್ತೇನೆ. ನನ್ನಂತೆ ಗಡಿ ದಾಟಿ ಬಂದವರಿಗಾಗಿ ಅಲ್ಲಿ ಕರಪತ್ರ ಅಚ್ಚು ಹಾಕುತ್ತೇವೆ. ಮೂರು ಬೀದಿ ಆಚೆ ಫಿನ್‌ಲೇ ಎಂಬ ಮುದುಕನ ಹಳೆ ಪುಸ್ತಕದ ಅಂಗಡಿ ಇದೆ. ನಿನ್ನೆ ಊಟದ ಬಿಡುವಿನಲ್ಲಿ ಹೋದೆ. ಹನ್ನೆರಡನೇ ಸಂಚಿಕೆ ಗಾಜಿನ ಕಪಾಟಿನಲ್ಲಿತ್ತು.

"ಮುಟ್ಟಬೇಡ," ಎಂದ ಮುದುಕ. "ಕೈ ನೋಡು, ಇದ್ದಿಲು ಮಾರೋನ ಕೈ. ತೊಳ್ಕೊಂಡು ಬಾ."

"ಇದು ಮಸಿ, ಎಷ್ಟು ತೊಳೆದ್ರೂ ಹೋಗಲ್ಲ. ನೀವೇ ತೆಗೆದು ತೋರಿಸಿ. ಒಂದೇ ಪುಟ ನೋಡ್ತೀನಿ."

"ಎಲ್ರೂ ಒಂದೇ ಪುಟ ಅಂತಾನೇ ಬರ್ತಾರೆ. ಯಾವುದು?"

"ಹತ್ತೊಂಬತ್ತು."

"ಓ, ಹೆದರುಪುಕ್ಕಲನ ಪುಟ."

"ಅವನು ಹೆದರುಪುಕ್ಕಲ ಅಲ್ಲ."

"ನಾನೆಲ್ಲಿ ಅಂದೆ ಮಾರಾಯ? ಅವನೇ ಅಂತಾನಲ್ಲ," ಎಂದು ತೆರೆದು ಹಿಡಿದ.

ನೀವು ಬರೆದಂತೆಯೇ ಇದೆ. ಒಂದಕ್ಷರ ಆಚೀಚೆ ಇಲ್ಲ.

ಕೆಲಸಕ್ಕೆ ಮರಳಿದ ಮೇಲೂ ತಲೆ ಓಡುತ್ತಲೇ ಇತ್ತು. "ಭಯವಿಲ್ಲ, ಒಪ್ಪುವುದಿಲ್ಲ" ಎಂಬ ಮಾತು ಹಾಗಾದರೆ ಎಲ್ಲಿಂದ ಬಂತು? ಸಂಜೆ ಹೊತ್ತಿಗೆ ನೆನಪಾಯಿತು. ಕಾಲೇಜಿನ ಗೇಟಿನಲ್ಲಿ ಯಾರೋ ನನ್ನ ಕೈಗಿಟ್ಟ ಮೊದಲನೇ ಕರಪತ್ರದ ಮೊದಲನೇ ಸಾಲು ಅದು. "ನಮಗೆ ಭಯವಿಲ್ಲ. ನಿಮ್ಮ ಯುದ್ಧವನ್ನು ನಾವು ಒಪ್ಪುವುದಿಲ್ಲ." ಅದನ್ನು ಎಷ್ಟು ಸಲ ಓದಿದ್ದೆನೆಂದರೆ, ನನಗೆ ಗೊತ್ತಾಗದಂತೆ ಅದು ಹಿಂದಕ್ಕೆ ನಡೆದುಹೋಗಿ ಕಾವಳನ ಬಾಯಲ್ಲಿ ಕೂತಿತ್ತು.

ಆ ಕರಪತ್ರ ತಪ್ಪೆಂದು ನಾನು ಹೇಳುತ್ತಿಲ್ಲ. ಯುದ್ಧ ಅನ್ಯಾಯವೇ. ಕ್ರಿಸ್‌ಮಸ್ಸಿಗೆ ಅಮ್ಮನಿಗೆ ಬೇರೆ ಬರೆಯುತ್ತೇನೆ.

ಎಲ್ಡನ್


ಕ್ಲೇ ಬೆಂಡ್
ಜನವರಿ 11, 1970

ಮಾನ್ಯ ಎಲ್ಡನ್ ಹೌಕ್ ಅವರಿಗೆ,

ಅರವತ್ತೈದನೇ ಸಂಚಿಕೆ ಬಂತು. ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂತು ಓದುತ್ತಿದ್ದೆ. ಕ್ಲೆಟಸ್ ರ‍್ಯಾಪ್ ಬಾಗಿಲಿಗೆ ತಿರುಗಣಿ ಬೇಕೆಂದು ಬಂದ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

"ಏನ್ ವಿಲ್ಬರ್, ಹಲ್ಲು ಉದುರೋ ವಯಸ್ಸಲ್ಲಿ ಬೊಂಬೆ ಪುಸ್ತಕ ಓದ್ತಿದ್ದೀಯಾ?"

"ಹಲ್ಲೆಲ್ಲ ನಿನ್ನ ಕೈಗೆ ಕೊಟ್ಟಾಯ್ತಲ್ಲ. ಕಣ್ಣಾದ್ರೂ ನನ್ನವು."

ಅವನು ಗಲ್ಲಾದ ಮೇಲೆ ಬಾಗಿ ನೋಡಿದ. "ಯಾರವನು, ಮಂಜಲ್ಲಿ ನಿಂತಿರೋನು?"

"ಖಳ. ಕಾವಲು ಬಿಟ್ಟು ಹೋದೋನು."

"ವಾಪಸ್ ಬರ್ತಾನಾ?"

"ಬರೆಯೋರು ಇನ್ನೂ ತೀರ್ಮಾನ ಮಾಡಿಲ್ಲ."

ಕ್ಲೆಟಸ್ ಒಂದು ತಿರುಗಣಿ ಎತ್ತಿಕೊಂಡು ತೆರೆದು ಮುಚ್ಚಿ ನೋಡಿದ. ಆಮೇಲೆ ನನ್ನ ಮುಖ ನೋಡದೆ, "ಕಡತ ಇನ್ನೂ ನಮ್ಮ ಕಪಾಟಿನಲ್ಲೇ ಇದೆ. ಫೆಬ್ರವರಿ ಹದಿನೇಳಕ್ಕೆ ಮೇಜಿಗೆ ಬರುತ್ತೆ. ಅಲ್ಲಿಂದ ಸರ್ಕಾರಿ ವಕೀಲರ ಹತ್ತಿರ ಹೋಯ್ತು ಅಂದ್ರೆ ಹುಡುಗ ಈ ಕಡೆ ಕಾಲಿಟ್ಟ ದಿನವೇ ಜೈಲು. ಅಷ್ಟರೊಳಗೆ ತನ್ನ ಸ್ವಂತ ಮಾತಲ್ಲಿ ಒಂದು ಹಾಳೆ ಬರೆದು ಕಳಿಸಿದ್ರೆ, ಅರ್ಜೀನ ಮತ್ತೆ ನೋಡಬಹುದು. ಛಾಪಿಸಿದ್ದು ಬೇಡ. ಅದನ್ನ ಏಪ್ರಿಲ್‌ನಲ್ಲೇ ಕೇಳಿ ಸಾಕಾಗಿದೆ," ಎಂದ.

"ಯಾರಿಗೆ ಹೇಳ್ತಿದ್ದೀಯ?" ಎಂದೆ.

"ನಿನಗಲ್ಲಪ್ಪ. ಆ ಮಂಜಿನೋನಿಗೆ," ಎಂದು ತಿರುಗಣಿ ಕಟ್ಟಿಸಿಕೊಂಡು ಹೋದ.

ಇನ್ನೊಂದು ವಿಷಯ. ಖಳರ ಬಗ್ಗೆ ಮಾತು ಬಂದದ್ದರಿಂದ ಬರೆಯುತ್ತೇನೆ. ಹಿಂದಿನ ಮಹಾಯುದ್ಧದಲ್ಲಿ, ನಲವತ್ನಾಲ್ಕರ ಡಿಸೆಂಬರಿನಲ್ಲಿ, ಬೆಲ್ಜಿಯಂನ ಹಿಮದಲ್ಲಿ ನನಗೆ ಗೊತ್ತಿದ್ದ ಒಬ್ಬ ಸೈನಿಕ ಬೆಳಗಿನ ಕಾವಲು ಬಿಟ್ಟು ಕಾಡಿನೊಳಕ್ಕೆ ನಡೆದುಹೋದ. ಅರ್ಧ ತಾಸು ಕಳೆದು ತಿರುಗಿ ಬಂದ. ಅಷ್ಟರಲ್ಲಿ ಏನೂ ಆಗಿರಲಿಲ್ಲ. ಯಾರೂ ಗಮನಿಸಲಿಲ್ಲ. ಆಮೇಲೆ ಬೇರೆ ಯಾವುದಕ್ಕೋ ಅವನಿಗೊಂದು ಪದಕವೂ ಬಂತು. ಈಗ ಓಹಿಯೊದಲ್ಲಿ ಅಗಳಿ ಮಾರುತ್ತಾನೆ.

ಅವನು ಖಳನಾಗದೆ ಉಳಿದದ್ದು ಆ ಅರ್ಧ ತಾಸಿನಲ್ಲಿ ಯಾವ ರಕ್ಕಸನೂ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ. ಹಾಗಾಗಿ ಕಾವಳನ ವಿಷಯದಲ್ಲಿ ಅವನು ತೀರ್ಪು ಕೊಡಲಾರ. ಆದರೂ ಎಂಟು ವರ್ಷದಿಂದ ಕೊಡುತ್ತಿದ್ದಾನೆ.

ವಿಲ್ಬರ್ ಹೌಕ್


ಟೊರಾಂಟೊ
ಫೆಬ್ರವರಿ 1, 1970

ಅಪ್ಪ,

ನಿಮ್ಮ ಪತ್ರವನ್ನು ಯಾರಿಗೂ ತೋರಿಸಿಲ್ಲ. ಉತ್ತರ ಬರೆಯುವ ಮೊದಲು ಅರವತ್ತೈದನೇ ಸಂಚಿಕೆ ಓದಿದೆ. ಪತ್ರಪುಟದಲ್ಲಿ ಸಂಪಾದಕರು ನೆಬ್ರಾಸ್ಕಾದ ಹನ್ನೊಂದು ವರ್ಷದ ಹುಡುಗಿಯ ದುರಸ್ತಿಯನ್ನು ಒಪ್ಪಿದ್ದಾರಲ್ಲ. ಕಾವಳ ಉತ್ತರದ ಬಾಗಿಲು ತೆರೆದಿಟ್ಟು ಹೋದ, ರಕ್ಕಸರು ಒಳಗೆ ಬಂದ ಮೇಲೆ ತಾವೇ ಅಗಳಿ ಹಾಕಿದರು, ಅಷ್ಟೆ. ಎರಡು ಚಿತ್ರವೂ ಸರಿ. ನೀವು ಅಗಳಿಯ ತೂಕ ನೋಡಿದಿರಿ, ನಾನು ಸಮಾಜವ್ಯವಸ್ಥೆ ನೋಡಿದೆ. ರಕ್ಕಸರಿಗೆ ಕೈಗಳಿವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಹಾಳೆ ತೆಗೆದುಕೊಂಡು ಕೂತೆ. ಮೊದಲ ನಾಲ್ಕು ಸಲ ಕರಪತ್ರವೇ ಬಂತು. ಹರಿದು ಹಾಕಿದೆ. ಐದನೇ ಸಲ ಬಂದದ್ದು ಇದು. ಮಂಡಳಿಗೆ ಇದರ ಪ್ರತಿಯನ್ನು ಬೇರೆ ಲಕೋಟೆಯಲ್ಲಿ ಕಳಿಸಿದ್ದೇನೆ.

"ನನಗೆ ಸಾಯಲು ಭಯ. ಏಪ್ರಿಲ್‌ನಲ್ಲಿ ಇದನ್ನು ಹೇಳಲಿಲ್ಲ. ಇನ್ನೊಂದು ಭಯವೂ ಇದೆ. ಹನ್ನೆರಡನೇ ವಯಸ್ಸಿನಲ್ಲಿ ಅಪ್ಪ ನನಗೆ ಬಂದೂಕು ಹಿಡಿಯಲು ಕಲಿಸಿದರು. ತೋಟ ಅಗೆಯುತ್ತಿದ್ದ ಹೆಗ್ಗಣವೊಂದಕ್ಕೆ ಹೊಡೆದೆ. ಅದು ಸಾಯಲಿಲ್ಲ, ಹಿಂಗಾಲು ಎಳೆದುಕೊಂಡು ಬಿಲದ ಕಡೆ ಹೋಗುತ್ತಿತ್ತು. ನಾನು ಅಪ್ಪನ ಹತ್ತಿರ ಎರಡನೇ ಗುಂಡು ಕೇಳಿದೆ. ಅದರ ನೋವು ಮುಗಿಸಲು ಕೇಳಿದೆ ಎಂದು ಅಪ್ಪ ತಿಳಿದರು, ಬೆನ್ನು ತಟ್ಟಿದರು. ಅದಲ್ಲ. ನನಗೆ ಖುಷಿಯಾಗಿತ್ತು, ಇನ್ನೊಮ್ಮೆ ಬೇಕಾಗಿತ್ತು. ಯುದ್ಧದಲ್ಲಿ ನನ್ನ ಕೈಗೆ ಯಾರಾದರೂ ಎರಡನೇ ಗುಂಡು ಕೊಡುತ್ತಲೇ ಇರುತ್ತಾರೆ. ನಾನು ಅದರಲ್ಲಿ ಪಳಗಿಬಿಡುತ್ತೇನೆ ಎಂದು ನನಗೆ ಗೊತ್ತು. ಹಾಗಾಗಿ ಹೋಗಲಾರೆ. ಆಸ್ಪತ್ರೆಯಲ್ಲಿ ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ."

ಮಂಡಳಿ ಒಪ್ಪಿದರೆ ಮರುದಿನವೇ ಹೊರಡುತ್ತೇನೆ. ಇಲ್ಲಿನ ಗೆಳೆಯರಿಗೆ ಹೇಳಿದೆ. ಶರಣಾಗತಿ ಎಂದರು. ಇರಬಹುದು. ನನಗೆ ಮನೆಗೆ ಬರಬೇಕಾಗಿದೆ.

ಎಲ್ಡನ್


ಕ್ಲೇ ಬೆಂಡ್
ಫೆಬ್ರವರಿ 18, 1970

ಎಲ್ಡನ್,

ಒಪ್ಪಲಿಲ್ಲ. ಮೂವರು ಬೇಡವೆಂದರು, ಕ್ಲೆಟಸ್ ಒಬ್ಬ ನಿನ್ನ ಕಡೆ ಕೈ ಎತ್ತಿದ. "ಈ ಹಾಳೆ ಏಪ್ರಿಲ್‌ನಲ್ಲಿ ಇದ್ದಿದ್ರೆ ನಾಲ್ಕಕ್ಕೆ ನಾಲ್ಕು ಮತವೂ ಹುಡುಗನಿಗೇ ಬೀಳ್ತಿತ್ತು. ಈಗ ಓಡಿಹೋದ್ಮೇಲೆ ಬರೆದದ್ದು ಅಂತಾರೆ. ಅವರ ತಪ್ಪೂ ಅಲ್ಲ," ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ಕಡತ ಇವತ್ತು ಬೆಳಗಿನ ಅಂಚೆಯಲ್ಲಿ ಕ್ಲೀವ್‌ಲ್ಯಾಂಡಿನ ಸರ್ಕಾರಿ ವಕೀಲರಿಗೆ ಹೋಯಿತು. ಇನ್ನು ನೀನು ಬರಬೇಡ. ಯಾರು ಏನೇ ಹೇಳಿದರೂ, ಅಮ್ಮನಿಗೆ ಹುಷಾರಿಲ್ಲ ಎಂದರೂ, ಗಡಿ ದಾಟಬೇಡ.

ನಿನ್ನ ಹೆಸರು ಕೂಗಿದಾಗ ನಾನು ಈ ಸಲ ಎದ್ದು ಹೋಗಲಿಲ್ಲ. ನನಗೆ ಮತವಿಲ್ಲ, ಆದರೆ ಹಾಳೆಯನ್ನು ನಾನೇ ಓದುತ್ತೇನೆ ಎಂದೆ. ಓದಿದೆ. ನಡುವೆ ಒಂದು ಕಡೆ ನಿಲ್ಲಿಸಬೇಕಾಯಿತು. ನೀನು ಯಾಕೆ ಗುಂಡು ಕೇಳಿದೆ ಎಂದು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೆ ಬೆನ್ನು ತಟ್ಟುತ್ತಿರಲಿಲ್ಲ.

ಓದಿ ಮುಗಿಸಿ, ನವೆಂಬರಿನಿಂದ ನಾನು ನಿನಗೆ ಬರೆಯುತ್ತಿದ್ದೇನೆ ಎಂದು ಹೇಳಿದೆ. ರಾಜೀನಾಮೆ ಬರೆದುಕೊಟ್ಟು ಹೊರಗೆ ಬಂದೆ. ಬೆಲ್ಜಿಯಂನ ವಿಷಯ ಹೇಳಲಿಲ್ಲ. ಅದನ್ನು ಹೇಳಬೇಕಾದವರ ಪಟ್ಟಿಯಲ್ಲಿ ಅವರು ಇಲ್ಲ.

ಇಪ್ಪತ್ತೆಂಟರ ಶನಿವಾರ ಸಂಜೆ ನಾಲ್ಕೂ ನಲವತ್ತಕ್ಕೆ ಟೊರಾಂಟೊಗೆ ಬರುವ ಬಸ್ಸಿನಲ್ಲಿ ಬರುತ್ತೇನೆ. ಅಮ್ಮ ಬರುವುದು ಎರಡನೇ ಸಲಕ್ಕೆ. ಈ ಸಲ ನಾನು ಒಬ್ಬನೇ ಬರಬೇಕು. ಒಂದು ಮಾತನ್ನು ಎದುರಿಗೆ ಹೇಳುವುದಿದೆ. ಅಲ್ಲಿ ಬಂದು ಬಾಯಿ ಕಟ್ಟಿಹೋದೀತೆಂದು ಇಲ್ಲೂ ಬರೆದಿಡುತ್ತೇನೆ. ಏಪ್ರಿಲ್‌ನಲ್ಲಿ ನಾನು ಹೊರಗೆ ಹೋದದ್ದು ನಿಯಮಕ್ಕಾಗಿ ಎಂದು ನೀನೂ ಅಮ್ಮನೂ ತಿಳಿದಿದ್ದೀರಿ. ನಿಯಮವೂ ನಿಜ. ಆದರೆ ಒಳಗೆ ಕೂತಿದ್ದರೆ ನಾನೂ ಬೇಡವೆಂದೇ ಕೈ ಎತ್ತುತ್ತಿದ್ದೆ.

ಅಪ್ಪ


ಟೊರಾಂಟೊ
ಫೆಬ್ರವರಿ 23, 1970

ಅಪ್ಪ,

ನಿಮ್ಮ ಪತ್ರವನ್ನು ಅಚ್ಚಿನ ಮನೆಯಲ್ಲೇ ಒಡೆದು ಓದಿದೆ. ಓದಿ ಹೊರಗೆ ಹೋಗಿ, ನಾಲ್ಕು ಬೀದಿ ಸುತ್ತಿ ಬಂದೆ. ಇನ್ನು ಎಷ್ಟು ವರ್ಷ ಇಲ್ಲೇ ಎಂದು ಲೆಕ್ಕ ಹಾಕಲು ಹೋಗಿಲ್ಲ.

ಬಸ್ಸು ಡಂಡಾಸ್ ಬೀದಿಯ ನಿಲ್ದಾಣಕ್ಕೆ ಬರುತ್ತದೆ. ಇಳಿದು ಅಲ್ಲೇ ನಿಲ್ಲಿ. ಎರಡು ಬಾಗಿಲಿವೆ, ಜನ ದಾರಿ ತಪ್ಪುತ್ತಾರೆ. ನಾಲ್ಕು ಗಂಟೆಯಿಂದಲೇ ನಾನು ಅಲ್ಲಿರುತ್ತೇನೆ. ಕೂದಲು ಬೆಳೆದಿದೆ, ಗುರುತು ಸಿಗದಿದ್ದರೆ ನಾನೇ ಕರೆಯುತ್ತೇನೆ. ಇಲ್ಲಿ ಚಳಿ ಜಾಸ್ತಿ, ದಪ್ಪನೆಯ ಕೋಟು ತನ್ನಿ.

ಪಕ್ಕದ ಬೀದಿಯಲ್ಲಿ ಹಂಗೇರಿಯವರ ಒಂದು ಹೋಟೆಲಿದೆ. ಒಳ್ಳೆಯ ಸೂಪು ಸಿಗುತ್ತದೆ. ಹೇಳಬೇಕೆಂದಿರುವ ಮಾತನ್ನು ಬಸ್ಸಿಳಿದ ಕೂಡಲೇ ಹೇಳಬೇಡಿ, ಅಪ್ಪ. ಹನ್ನೊಂದು ತಾಸು ಬಸ್ಸಿನಲ್ಲಿ ಕೂತು ಬಂದಿರುತ್ತೀರಿ. ಮೊದಲು ಊಟ ಮಾಡೋಣ.

ಎಲ್ಡನ್